ಮಹಾಮಂತ್ರಿ ಮಹಮೂದ್ ಗವಾನ

ಕಲಬುರಗಿಯ ಕೋಟೆಯೊಳಗೆ ಒಂದು ವಿಶಾಲವಾದ ಮಸೀದಿಯಿದೆ. ತೆರೆದ ಅಂಗಳವೇ ಇಲ್ಲದಂತೆ ಪೂರ್ತಿಯಾಗಿ ಮೇಲ್ಛಾವಣಿಯನ್ನು ಹೊದಿಸಿದ, ಸಾಲುಸಾಲಾದ ಕಮಾನುಗಳ ಆ ಕಟ್ಟಡವು ಕ್ರಿ.ಶ. 1367ರದು. ಅದಕ್ಕೆ ಇಪ್ಪತ್ತು ವರ್ಷಗಳ ಹಿಂದೆ, 1347ರಲ್ಲಿ, ಅಲ್ಲಾವುದ್ದೀನ್ ಹಸನ್ ಬಹಮನ್ ಷಹನು ದೆಹಲಿಯ ಹಿಡಿತದಿಂದ ಬಿಡಿಸಿಕೊಂಡು ಸ್ಥಾಪಿಸಿದ ಬಹಮನಿ ರಾಜ್ಯಕ್ಕೆ ಈ ಊರೇ ಮೊದಲ ರಾಜಧಾನಿಯಾಗಿತ್ತು. ಸೂಫಿ ಸಂತರಾದ ಖ್ವಾಜಾ ಬಂದೇನವಾಜರು ತಮ್ಮ ಮುಪ್ಪಿನ ದಿನಗಳನ್ನು ಕಳೆದು 1422ರಲ್ಲಿ ದೇಹವನ್ನು ಬಿಟ್ಟುದೂ ಇಲ್ಲಿಯೇ. ಅನಂತರ ಅಹಮದ್ ಷಹನು ರಾಜಧಾನಿಯನ್ನು ಬೀದರಿಗೆ ಸಾಗಿಸಿದನು. ಈಗ ಕಲಬುರಗಿಯಿಂದ ಬೀದರಿಗೆ ರಸ್ತೆಯಲ್ಲಿ ಹೊರಟವರು ಕೆಂಪು ಬಾಳೆಹಣ್ಣಿಗೆ ಹೆಸರಾದ ಕಮಲಾಪುರವನ್ನು ದಾಟಿ, ಹುಮನಾಬಾದಿನ ಮೇಲೆ ಹಾದು ಕೆಲವೇ ಗಂಟೆಗಳಲ್ಲಿ ಆ ಎರಡನೆಯ ರಾಜಧಾನಿಯನ್ನು ಸೇರುತ್ತಾರೆ. ಬೀದರಿನ ಹಳೆಯ ಪೇಟೆಯ ನಡುವೆ ಮೂರು ಅಂತಸ್ತಿನ ಒಂದು ವಿದ್ಯಾಲಯದ ಅವಶೇಷವು ನಿಂತಿದೆ. ಅದರ ಮುಂಭಾಗದಲ್ಲಿ ಒಂದೇ ಒಂದು ಮಿನಾರು ಉಳಿದಿದೆ; ಅದರ ಜೊತೆಯ ಮಿನಾರು ಬಿದ್ದುಹೋಗಿದೆ. ಗೋಡೆಗಳಲ್ಲಿ ಅಲ್ಲಲ್ಲಿ ನೀಲಿ, ಹಳದಿ, ಬಿಳಿ ಬಣ್ಣದ ಹೊಳಪಿನ ಹೆಂಚುಗಳು ಇನ್ನೂ ಅಂಟಿಕೊಂಡಿವೆ. ಇದನ್ನು ಕಟ್ಟಿಸಿದವನು ಸುಲ್ತಾನನಲ್ಲ, ಸುಲ್ತಾನನ ಮಂತ್ರಿ. ಅವನ ಹೆಸರು ಮಹಮೂದ್ ಗವಾನ.

ಗವಾನನ ಹುಟ್ಟೂರು ಪರ್ಷಿಯಾ ದೇಶದಲ್ಲಿ, ಕ್ಯಾಸ್ಪಿಯನ್ ಸಮುದ್ರದ ದಂಡೆಯ ಗೀಲಾನ್ ಸೀಮೆಯಲ್ಲಿತ್ತು. 1411ರ ಸುಮಾರಿಗೆ ಅವನು ಹುಟ್ಟಿದನು. ಅವನ ಹಿರಿಯರು ಆ ಸೀಮೆಯ ದೊರೆಗಳಲ್ಲಿ ಮಂತ್ರಿಪದವಿಯಲ್ಲಿದ್ದವರು. ಆದರೆ ಆಸ್ಥಾನದ ಒಳಜಗಳಗಳಿಂದ ಬೇಸತ್ತ ಗವಾನನು ಅಧಿಕಾರದ ದಾರಿಯನ್ನು ಬಿಟ್ಟು ವ್ಯಾಪಾರದ ದಾರಿಯನ್ನು ಹಿಡಿದನು. ದೇಶದೇಶಗಳನ್ನು ಸುತ್ತುತ್ತ, ಸರಕಿನೊಡನೆ ವಿದ್ಯೆಯನ್ನೂ ಸಂಗ್ರಹಿಸಿದನು. ಯಾವುದರಿಂದ ದೂರ ಓಡಿ ಬಂದನೋ ಅದೇ ಒಳಜಗಳವು ಮುಂದೆ ಸಾವಿರಾರು ಮೈಲಿಗಳಾಚೆ ಅವನಿಗಾಗಿ ಕಾದು ಕುಳಿತಿತ್ತು. 1453ರ ವೇಳೆಗೆ, ನಲವತ್ತನ್ನು ದಾಟಿದ ವಯಸ್ಸಿನಲ್ಲಿ, ಅವನು ಕೊಂಕಣದ ದಾಭೋಳ ಬಂದರಿನಲ್ಲಿ ಹಡಗಿನಿಂದಿಳಿದು ಬೀದರಿಗೆ ಬಂದನು. ಅಲ್ಲಿದ್ದ ಸಂತರೊಬ್ಬರನ್ನು ಕಂಡು, ವ್ಯಾಪಾರವನ್ನು ಮುಗಿಸಿಕೊಂಡು ದೆಹಲಿಗೆ ಹೋಗಬೇಕೆಂಬುದು ಅವನ ಉದ್ದೇಶವಾಗಿತ್ತು. ಸುಲ್ತಾನ ಎರಡನೆಯ ಅಲ್ಲಾವುದ್ದೀನ್ ಅಹಮದನು ಆ ವರ್ತಕನ ಮಾತಿನ ತೂಕವನ್ನು ಕಂಡು ಅವನನ್ನು ಅಲ್ಲಿಯೇ ನಿಲ್ಲಿಸಿಕೊಂಡನು.

ಆ ಕಾಲದ ಬಹಮನಿ ಆಸ್ಥಾನದಲ್ಲಿ ಎರಡು ಪಕ್ಷಗಳಿದ್ದವು. ತಲೆಮಾರುಗಳಿಂದ ಈ ನಾಡಿನಲ್ಲಿಯೇ ನೆಲೆಸಿದ ಸರದಾರರಿಗೆ ದಖ್ಖನಿಗಳೆಂದು ಹೆಸರು. ಅಬಿಸೀನಿಯಾ ಮೂಲದ ಹಬ್ಷಿಗಳು ಬಹುಮಟ್ಟಿಗೆ ಅವರ ಕಡೆಗಿದ್ದರು. ಇರಾನ್, ಇರಾಕ್, ತುರ್ಕಿಸ್ತಾನಗಳಿಂದ ಹೊಸದಾಗಿ ಬಂದವರನ್ನು ಆಫಾಕಿಗಳೆಂದು ಕರೆಯುತ್ತಿದ್ದರು. ಹೊಸಬರಿಗೆ ಸಿಗುತ್ತಿದ್ದ ಮನ್ನಣೆ ಹಳಬರಿಗೆ ಸಹಿಸುತ್ತಿರಲಿಲ್ಲ. ಹಳಬರ ಬಿಗುಮಾನ ಹೊಸಬರಿಗೆ ಹಿಡಿಸುತ್ತಿರಲಿಲ್ಲ. ಗವಾನನು ಹುಟ್ಟಿನಿಂದ ಎರಡನೆಯ ಗುಂಪಿಗೆ ಸೇರಿದವನು. ಆದರೆ ಅಧಿಕಾರಕ್ಕೆ ಬಂದ ಮೇಲೆ ಪದವಿಗಳನ್ನು ಎರಡು ಪಕ್ಷಗಳಿಗೂ ಸರಿದೂಗಿಸಿ ಹಂಚಲು ಅವನು ಪಟ್ಟ ಶ್ರಮವನ್ನು ಇತಿಹಾಸಕಾರರೆಲ್ಲರೂ ಗುರುತಿಸಿದ್ದಾರೆ. ಇಬ್ಬರಿಗೂ ಸಮನಾಗಿರಲು ಹೊರಟವನನ್ನು ಇಬ್ಬರೂ ತಮ್ಮವನೆಂದು ತಿಳಿಯುವುದಿಲ್ಲವೆಂಬುದು ಅವನ ಅರಿವಿಗೆ ಬಂದಿತ್ತೋ ಇಲ್ಲವೋ!

1461ರಲ್ಲಿ ಹುಮಾಯೂನ್ ಷಹನು ತೀರಿಕೊಂಡಾಗ ಅವನ ಮಗ ನಿಜಾಮ್ ಷಹನು ಎಂಟು ವರ್ಷದ ಬಾಲಕ. ರಾಜಮಾತೆ ನರ್ಗಿಸ್ ಬೇಗಮಳು ಖ್ವಾಜಾ ಜಹಾನ್ ತುರ್ಕನನ್ನೂ ಮಹಮೂದ್ ಗವಾನನನ್ನೂ ಜೊತೆಗಿಟ್ಟುಕೊಂಡು ರಾಜ್ಯಭಾರವನ್ನು ನಡೆಸಿದಳು. ಸಿಂಹಾಸನದ ಮೇಲೆ ಮಗು ಕುಳಿತಿದೆಯೆಂದು ತಿಳಿದೊಡನೆ ನೆರೆಯವರಿಗೆ ಆಸೆ ಹುಟ್ಟಿತು. ಮಾಳವದ ಮಹಮೂದ್ ಖಿಲ್ಜಿಯು ದಂಡೆತ್ತಿ ಬಂದು, ಬಹಮನಿ ಸೈನ್ಯವನ್ನು ಸೋಲಿಸಿ, ಬೀದರಿನ ಪೇಟೆಯನ್ನೇ ಹಿಡಿದನು. ರಾಜಪರಿವಾರವು ರಾಜಧಾನಿಯನ್ನು ಬಿಟ್ಟು ಓಡಬೇಕಾಯಿತು. ಅಂಥ ಸಂಕಟದ ಗಳಿಗೆಯಲ್ಲಿ ಸಹಾಯವನ್ನು ಕೋರಿ ಗುಜರಾತಿನ ಸುಲ್ತಾನ ಮಹಮೂದ್ ಬೇಗಡಾನಿಗೆ ಪತ್ರವು ಹೋಯಿತು. ಬೇಗಡಾನು ಸೈನ್ಯದೊಡನೆ ತಾನೇ ಹೊರಟು ಬಂದನು; ಗವಾನನು ಆ ನೆರವಿನ ಪಡೆಯನ್ನು ಕೂಡಿಸಿಕೊಂಡು ಮಾಳವದವರಿಗೆ ಅನ್ನ ನೀರುಗಳ ದಾರಿಯನ್ನು ಕಟ್ಟಿದನು. ಶತ್ರುವು ಹಿಂದಿರುಗಿ ಹೋಗಬೇಕಾಯಿತು. ಬಹಮನಿ ರಾಜ್ಯವು ಆ ಸಲ ಉಳಿದುದು ಕತ್ತಿಯಿಂದ ಎಷ್ಟೋ ಲೇಖನಿಯಿಂದಲೂ ಅಷ್ಟೇ.

ಲೇಖನಿಯ ಮಾತು ಬಂದುದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಗವಾನನು ಪರ್ಷಿಯನ್ ಗದ್ಯದಲ್ಲಿ ತನ್ನ ಕಾಲದ ಶ್ರೇಷ್ಠ ಪತ್ರಲೇಖಕರಲ್ಲೊಬ್ಬನಾಗಿದ್ದನು. ಪತ್ರವನ್ನು ಹೇಗೆ ಬರೆಯಬೇಕೆಂಬ ವಿಷಯದ ಮೇಲೆಯೇ ಮನಾಜಿರ್-ಉಲ್-ಇನ್ಷಾ ಎಂಬ ಶಾಸ್ತ್ರಗ್ರಂಥವನ್ನು ರಚಿಸಿದನು. ದೊರೆಗಳಿಗೆ, ಮಂತ್ರಿಗಳಿಗೆ, ವಿದ್ವಾಂಸರಿಗೆ, ತನ್ನ ಮಕ್ಕಳಿಗೆ ಅವನು ಬರೆದ ನೂರಕ್ಕೂ ಹೆಚ್ಚು ಪತ್ರಗಳ ಸಂಗ್ರಹಕ್ಕೆ ರಿಯಾಜ್-ಉಲ್-ಇನ್ಷಾ ಎಂದು ಹೆಸರು. ತುರ್ಕಿಯ ಸುಲ್ತಾನ ಎರಡನೆಯ ಮೆಹಮದನಿಗೂ ಹೆರಾತಿನ ಮಹಾಕವಿ ಜಾಮಿಗೂ ಬೀದರಿನಿಂದ ಪತ್ರಗಳು ಹೋಗುತ್ತಿದ್ದವು. ಯಾರಿಗೆ ಯಾವ ಮಾತು, ಎಷ್ಟು ವಿನಯ, ಎಷ್ಟು ಬಿಗಿ ಎಂಬುದನ್ನು ಅಳೆದು ತೂಗಿ ಬರೆಯುತ್ತಿದ್ದವನು ಅವನು. ಮುಂದಿನ ಕಥೆಯನ್ನು ಓದುವಾಗ ಇದನ್ನು ಮರೆಯಬಾರದು.

ಬಾಲಕ ನಿಜಾಮ್ ಷಹನು 1463ರಲ್ಲಿ ತೀರಿಕೊಂಡನು. ಅವನ ತಮ್ಮ ಮೂರನೆಯ ಮಹಮ್ಮದನು ಪಟ್ಟಕ್ಕೆ ಬಂದನು. 1466ರಲ್ಲಿ ಖ್ವಾಜಾ ಜಹಾನ್ ತುರ್ಕನು ಕೊಲೆಯಾದ ಮೇಲೆ ಗವಾನನು ಪ್ರಧಾನಮಂತ್ರಿಯಾದನು. ಅಲ್ಲಿಂದ ಹದಿನೈದು ವರ್ಷಗಳ ಕಾಲ ಬಹಮನಿ ರಾಜ್ಯವೆಂದರೆ ಗವಾನ, ಗವಾನನೆಂದರೆ ರಾಜ್ಯ ಎಂಬಂತಿತ್ತು. ಅವನು ಯುದ್ಧಗಳನ್ನೂ ನಡೆಸಿದನು. ಕೊಂಕಣದ ಕಾಡುಕೋಟೆಗಳಲ್ಲಿ ಮಳೆಗಾಲಗಳನ್ನು ಕಳೆದು, 1472ರಲ್ಲಿ ವಿಜಯನಗರದವರ ಕೈಯಲ್ಲಿದ್ದ ಗೋವೆಯನ್ನು ಹಿಡಿದನು. ಆಮೇಲೆ ಬೆಳಗಾವಿಯ ಕೋಟೆಯನ್ನು ಮುತ್ತಿದಾಗ ಗೋಡೆಯ ಕೆಳಗೆ ಸುರಂಗಗಳನ್ನು ತೋಡಿಸಿ ಮದ್ದಿನಿಂದ ಸಿಡಿಸಿದನು. ಗೆದ್ದವರಿಗೆ ಇವೆಲ್ಲ ಕೀರ್ತಿಯ ಕಾರ್ಯಗಳು. ಸೋತ ಊರುಗಳ ಜನರಿಗೆ ಅವು ಹಾಗೆ ಕಂಡಿರಲಾರವು. ಅದೇ ಸುಮಾರಿನಲ್ಲಿ ಬೀದರಿಗೆ ಬಂದಿದ್ದ ರಷ್ಯದ ವರ್ತಕ ಅಫನಾಸಿ ನಿಕಿತಿನ್ ಎಂಬವನು ಸರದಾರರ ಬೆಳ್ಳಿಯ ಮಂಚಗಳ ವೈಭವವನ್ನೂ ಹಳ್ಳಿಗರ ಬಡತನವನ್ನೂ ಅಕ್ಕಪಕ್ಕದಲ್ಲಿಯೇ ಬರೆದಿಟ್ಟಿದ್ದಾನೆ.

ಆ ಸರದಾರರ ವೈಭವಕ್ಕೆ ಕತ್ತರಿಯಿಟ್ಟವನು ಗವಾನನೇ. ರಾಜ್ಯವು ಅದುವರೆಗೆ ಕಲಬುರಗಿ, ದೌಲತಾಬಾದ್, ಬೀರಾರ್, ತೆಲಂಗಾಣ ಎಂದು ನಾಲ್ಕೇ ಪ್ರಾಂತಗಳಾಗಿತ್ತು. ಒಂದೊಂದು ಪ್ರಾಂತದ ಅಧಿಪತಿಯೂ ತಾನೇ ಒಬ್ಬ ದೊರೆಯೆಂಬಂತೆ ಮೆರೆಯುತ್ತಿದ್ದನು. ಗವಾನನು ನಾಲ್ಕನ್ನು ಎಂಟು ಮಾಡಿದನು. ಕಲಬುರಗಿ ಪ್ರಾಂತದಿಂದ ಬಿಜಾಪುರವು ಬೇರೆಯಾಯಿತು. ತೆಲಂಗಾಣವು ವಾರಂಗಲ್ ಮತ್ತು ರಾಜಮಹೇಂದ್ರಿ ಎಂದು ಇಬ್ಭಾಗವಾಯಿತು. ಪ್ರತಿಯೊಂದು ಪ್ರಾಂತದ ಒಳಗೂ ಕೆಲವು ಭೂಮಿಗಳನ್ನು ನೇರವಾಗಿ ಸುಲ್ತಾನನ ಬೊಕ್ಕಸಕ್ಕೆ ಸೇರಿಸಲಾಯಿತು. ಪ್ರಾಂತಾಧಿಪತಿಯ ಕೈಯಲ್ಲಿ ಒಂದೇ ಕೋಟೆ. ಉಳಿದ ಕೋಟೆಗಳ ಕಿಲ್ಲೇದಾರರನ್ನು ರಾಜಧಾನಿಯಿಂದಲೇ ನೇಮಿಸುವ ಪದ್ಧತಿ ಬಂದಿತು. ಭೂಮಿಯನ್ನು ಅಳೆಯಿಸಿ, ಹಳ್ಳಿಗಳ ಎಲ್ಲೆಗಳನ್ನು ಗುರುತಿಸಿ, ಕಂದಾಯವನ್ನು ಗೊತ್ತುಪಡಿಸುವ ಕಾರ್ಯವೂ ಮೊದಲಾಯಿತು. ಐದುನೂರು ಸವಾರರನ್ನಿಟ್ಟುಕೊಳ್ಳಬೇಕಾದ ಸರದಾರನಿಗೆ ವರ್ಷಕ್ಕೆ 1 ಲಕ್ಷ ಹೊನ್ನು ಸಲ್ಲುತ್ತಿದ್ದುದನ್ನು 1,25,000ಕ್ಕೆ ಏರಿಸಿದನು. ಆದರೆ ಲೆಕ್ಕಕ್ಕಿಂತ ಕಡಿಮೆ ಸವಾರರಿದ್ದರೆ ಅಷ್ಟು ಹಣವನ್ನು ಕಳೆದುಕೊಡುವ ನಿಯಮವನ್ನೂ ಮಾಡಿದನು. ಕುದುರೆಗಳಿಲ್ಲದೆ ಕುದುರೆಗಳ ಹಣವನ್ನು ತಿನ್ನುತ್ತಿದ್ದವರಿಗೆ ಈ ಏರಿಕೆಯಿಂದ ಸಂತೋಷವಾಗಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಬೀದರಿನ ವಿದ್ಯಾಲಯವು 1472ರಲ್ಲಿ ಮುಗಿಯಿತು. ಅಲ್ಲಿ ವಿದ್ಯಾರ್ಥಿಗಳಿಗೂ ಗುರುಗಳಿಗೂ ವಾಸದ ಕೋಣೆಗಳು, ಉಪನ್ಯಾಸದ ಸಭಾಂಗಣಗಳು, ಒಂದು ಮಸೀದಿ, ಒಂದು ಗ್ರಂಥಭಂಡಾರ ಇದ್ದವು. ಭಂಡಾರದಲ್ಲಿ 3000 ಹಸ್ತಪ್ರತಿಗಳಿದ್ದುವೆಂದು ಪ್ರತೀತಿ. ದೂರದೂರದ ಪಂಡಿತರನ್ನು ಗವಾನನು ಪತ್ರ ಬರೆದು ಕರೆಸಿಕೊಂಡನು. ದರಬಾರು ಮುಗಿದ ಮೇಲೆ ಅಲ್ಲಿಗೆ ಹೋಗಿ ಅವರೊಡನೆ ಚರ್ಚೆಯಲ್ಲಿ ಕಾಲ ಕಳೆಯುವುದು ಅವನಿಗೆ ಪ್ರಿಯವಾಗಿತ್ತು. ಇಷ್ಟೆಲ್ಲವನ್ನು ಕಟ್ಟಿಸಿದವನ ಮನೆಯೊಳಗೆ ಮಾತ್ರ ಮಲಗಲು ಚಾಪೆ, ಅಡಿಗೆಗೆ ಮಣ್ಣಿನ ಗಡಿಗೆ.

ರಾಜಮಾತೆಯು ಬೆಳಗಾವಿಯ ದಂಡಯಾತ್ರೆಯ ಕಾಲದಲ್ಲಿ ತೀರಿಕೊಂಡಿದ್ದಳು. ತರುಣ ಸುಲ್ತಾನನನ್ನು ತಿದ್ದಿ ನಡೆಸುವವರು ಆಮೇಲೆ ಅರಮನೆಯಲ್ಲಿ ಯಾರೂ ಉಳಿಯಲಿಲ್ಲ. ಮಹಮ್ಮದನು ಶೂರನೇನೋ ಹೌದು. ಆದರೆ ಮದ್ಯವು ಅವನನ್ನು ಗೆದ್ದಿತ್ತು. ಗವಾನನ ವಿರೋಧಿಗಳಿಗೆ ಇದು ಚೆನ್ನಾಗಿ ತಿಳಿದಿತ್ತು. ಅವರ ಮುಂದಾಳು ಮಲಿಕ್ ಹಸನ್ ನಿಜಾಮ್-ಉಲ್-ಮುಲ್ಕ್. ತೆಲಂಗಾಣವನ್ನೆಲ್ಲ ಆಳುತ್ತಿದ್ದವನ ಪಾಲಿಗೆ ಈಗ ರಾಜಮಹೇಂದ್ರಿಯೊಂದೇ ಉಳಿದುದರಿಂದ ಅವನ ಹೊಟ್ಟೆಯಲ್ಲಿ ಕಿಚ್ಚು ಬಿದ್ದಿತ್ತು. ಜರೀಫ್-ಉಲ್-ಮುಲ್ಕ್ ಮತ್ತು ಮಿಫ್ತಾಹ್ ಎಂಬಿಬ್ಬರು ಅವನ ಕೈಗೂಡಿದರು.

ಅವರು ಮೊದಲು ಗವಾನನ ಮುದ್ರೆಯನ್ನು ಕಾಯುತ್ತಿದ್ದ ಹಬ್ಷಿ ಸೇವಕನ ಗೆಳೆತನವನ್ನು ಬೆಳೆಸಿದರು. ಉಡುಗೊರೆಗಳನ್ನು ಕೊಟ್ಟರು, ಕುಡಿಸಿದರು. ಒಂದು ದಿನ ಅವನು ಮತ್ತಿನಲ್ಲಿದ್ದಾಗ ಮಡಿಸಿದ ಕಾಗದವೊಂದನ್ನು ಮುಂದಿಟ್ಟು, ಇದು ತಮ್ಮ ಸ್ನೇಹಿತನ ಲೆಕ್ಕದ ಚೀಟಿ, ಹಲವು ಕಚೇರಿಗಳ ಮುದ್ರೆ ಆಗಲೇ ಬಿದ್ದಿದೆ, ನಿನ್ನ ಒಡೆಯನದೊಂದು ಬೀಳಬೇಕಷ್ಟೆ ಎಂದು ನಂಬಿಸಿದರು. ಬಿಚ್ಚಿ ನೋಡುವ ಗೋಜಿಗೆ ಹೋಗದೆ ಅವನು ಮುದ್ರೆಯನ್ನೊತ್ತಿದನು. ಕಾಗದದಲ್ಲಿ ಏನೂ ಬರೆದಿರಲಿಲ್ಲ. ಆ ಬರಿಯ ಹಾಳೆಯ ಮೇಲೆ ಆಮೇಲೆ ಒರಿಸ್ಸದ ಗಜಪತಿ ರಾಜನಿಗೊಂದು ಓಲೆ ಸಿದ್ಧವಾಯಿತು. ಸುಲ್ತಾನನ ಕುಡಿತದಿಂದಲೂ ಕ್ರೌರ್ಯದಿಂದಲೂ ನಮಗೆಲ್ಲ ಸಾಕಾಗಿದೆ. ನೀನು ಗಡಿಯನ್ನು ದಾಟಿ ಬಾ, ತಡೆಯುವವರಿಲ್ಲ. ಗೆದ್ದ ರಾಜ್ಯವನ್ನು ಹಂಚಿಕೊಳ್ಳೋಣ ಎಂಬುದು ಅದರ ಭಾವ.

ಸುಳ್ಳು ಪತ್ರದಿಂದ ರಾಜಕಾರಣವನ್ನು ತಿರುಗಿಸುವ ಉಪಾಯವು ಜಗತ್ತಿಗೆ ಹೊಸದಲ್ಲ. ಇಂಗ್ಲೆಂಡಿನ ನಾಟಕಕಾರ ಷೇಕ್ಸ್‌ಪಿಯರನು 1599ರ ಸುಮಾರಿಗೆ ಬರೆದ ಜೂಲಿಯಸ್ ಸೀಸರ್ ಎಂಬ ದುರಂತ ನಾಟಕದಲ್ಲಿಯೂ ಅಂಥದೇ ಒಂದು ಸನ್ನಿವೇಶವಿದೆ. ಕ್ರಿ.ಪೂ. 44ರಲ್ಲಿ ರೋಮಿನ ಸೀಸರನನ್ನು ಕೊಲ್ಲಲು ಸಂಚು ಹೂಡಿದ ಕ್ಯಾಸಿಯಸನು, ಸಜ್ಜನನಾದ ಬ್ರೂಟಸನನ್ನು ತನ್ನ ಕಡೆಗೆ ಎಳೆದುಕೊಳ್ಳುವುದಕ್ಕಾಗಿ, ಊರ ನಾಗರಿಕರೇ ಬರೆದರೆಂಬಂತೆ ಬೇರೆ ಬೇರೆ ಕೈಬರಹದ ಪತ್ರಗಳನ್ನು ಅವನ ಕಿಟಕಿಯೊಳಗೆ ಎಸೆಯಿಸುತ್ತಾನೆ. ಬ್ರೂಟಸನು ಅವನ್ನು ಓದುತ್ತಾನೆ, ಆದರೆ ಯಾರು ಬರೆದರೆಂದು ಕೇಳುವುದಿಲ್ಲ. ಆ ಒಂದು ಪ್ರಶ್ನೆಯನ್ನು ಕೇಳದುದರಿಂದ ಅವನ ಕೈ ಗೆಳೆಯನ ರಕ್ತದಲ್ಲಿ ನೆನೆಯುತ್ತದೆ. ನಾಟಕವು ಹುಟ್ಟುವುದಕ್ಕೆ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಕೊಂಡಪಲ್ಲಿಯಲ್ಲಿ ನಡೆದುದೂ ಅದೇ.

1481ರ ಮಾರ್ಚಿಯಲ್ಲಿ ಸುಲ್ತಾನನು ದಕ್ಷಿಣಕ್ಕೆ ನುಗ್ಗಿ ಕಂಚಿಯವರೆಗೆ ಹೋಗಿ ಕೊಳ್ಳೆ ಹೊಡೆದು ಬಂದಿದ್ದನು. ಈಗಿನ ಆಂಧ್ರಪ್ರದೇಶದ ವಿಜಯವಾಡದ ಬಳಿಯ ಕೊಂಡಪಲ್ಲಿಯಲ್ಲಿ ಬೀಡುಬಿಟ್ಟಿದ್ದಾಗ, ಸಂಚುಗಾರರು ಅವನು ಕುಡಿದಿದ್ದ ಸಮಯವನ್ನು ನೋಡಿ ಓಲೆಯನ್ನು ತೋರಿಸಿದರು. ಗವಾನನ ಮೇಲೆ ಅವರು ಬಹುದಿನಗಳಿಂದ ಹನಿಹನಿಯಾಗಿ ಹಾಕಿದ್ದ ವಿಷದಿಂದ ಸುಲ್ತಾನನ ಮನಸ್ಸು ಆಗಲೇ ಕದಡಿತ್ತು. ಕೂಡಲೇ ಮಂತ್ರಿಯನ್ನು ಕರೆತರುವಂತೆ ಅಪ್ಪಣೆಯಾಯಿತು. ಸುದ್ದಿಯ ಸುಳಿವು ಹತ್ತಿದ ಆಪ್ತರು, ಆ ದಿನ ಹೋಗಬೇಡವೆಂದು ಬೇಡಿಕೊಂಡರು. ಸಾವಿರ ಕುದುರೆಗಳು ಸಿದ್ಧವಾಗಿವೆ, ಗುಜರಾತಿಗೆ ಹೊರಟುಬಿಡೋಣ ಎಂದರು. ಹುಮಾಯೂನನ ಸೇವೆಯಲ್ಲಿ ನರೆತ ಗಡ್ಡವು ಅವನ ಮಗನ ಕಾಲದಲ್ಲಿ ಕೆಂಪಾದರೆ ಅದೂ ಗೌರವವೇ ಎಂದು ಹೇಳಿ ಆ ಮುದುಕನು ಹೊರಟನು.

ವಿಚಾರಣೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಒಡೆಯನಿಗೆ ದ್ರೋಹ ಬಗೆದವನಿಗೆ ಏನು ಶಿಕ್ಷೆಯೆಂದು ಸುಲ್ತಾನನು ಕೇಳಿದನು. ಮರಣವೇ ಎಂದು ಗವಾನನು ತಡೆಯಿಲ್ಲದೆ ಉತ್ತರಿಸಿದನು. ಆಗ ಓಲೆಯನ್ನು ಅವನ ಮುಂದೆ ಹಿಡಿದರು. ಅವನು ಅದನ್ನು ನೋಡಿ, ಮುದ್ರೆಯೇನೋ ತನ್ನದೇ, ಆದರೆ ಬರಹವು ತನ್ನದಲ್ಲ, ಈ ವಿಷಯವೇ ತನಗೆ ತಿಳಿಯದು ಎಂದು ಪ್ರಮಾಣ ಮಾಡಿದನು. ಅಷ್ಟು ದೊಡ್ಡ ಬರಹಗಾರನು ತನ್ನ ಪ್ರಾಣಕ್ಕಾಗಿ ಆಡಿದ ವಾದ ಇಷ್ಟೇ. ದೇಶಾಂತರದ ದೊರೆಗಳನ್ನು ಒಲಿಸಿಕೊಂಡ ಮಾತುಗಾರಿಕೆಯನ್ನು ಅವನು ಇಲ್ಲಿ ಬಳಸಲಿಲ್ಲ; ಬಳಸಿದ್ದರೂ ಕೇಳುವ ಕಿವಿ ಎದುರಿಗಿರಲಿಲ್ಲ. ಅವನ ನೂರು ಪತ್ರಗಳನ್ನು ಕಂಡಿದ್ದ ಸುಲ್ತಾನನು ಈ ಒಂದನ್ನು ಅವುಗಳೊಡನೆ ಹೋಲಿಸಿ ನೋಡಲಿಲ್ಲ. ಜೌಹರನೆಂಬ ಹಬ್ಷಿ ಗುಲಾಮನಿಗೆ ಕೈಸನ್ನೆ ಮಾಡಿ ಒಳಗೆ ಎದ್ದುಹೋದನು. ಮುದುಕನಾದ ತನ್ನನ್ನು ಕೊಲ್ಲುವುದು ತನಗೇನೂ ದೊಡ್ಡದಲ್ಲ, ಆದರೆ ಇದರಿಂದ ರಾಜ್ಯವು ಕೆಡುತ್ತದೆ, ದೊರೆಯ ಹೆಸರು ಕೆಡುತ್ತದೆ ಎಂದು ಗವಾನನು ಹೇಳಿದನಂತೆ. ಅನಂತರ ಪಶ್ಚಿಮಕ್ಕೆ ಮುಖ ಮಾಡಿ ಮೊಳಕಾಲೂರಿದನು. ಅಂದು 1481ರ ಏಪ್ರಿಲ್ 5.

ಸೀಸರನ ಶವದ ಮುಂದೆ ನಿಂತು ಮಾತನಾಡಲು ಆಂಟನಿಯಿದ್ದನು. ಕೊಲೆಗಾರರನ್ನು ಮೊದಲು ಹೊಗಳುವಂತೆ ನಟಿಸಿ, ಮೆಲ್ಲಮೆಲ್ಲನೆ ಜನರ ಮನಸ್ಸನ್ನು ತಿರುಗಿಸಿ, ಕಡೆಗೆ ಸೀಸರನ ಉಯಿಲನ್ನು ಓದಿ ರೋಮ್ ನಗರವನ್ನೇ ಅವನು ಕೆರಳಿಸಿದನು. ಗವಾನನ ಪರವಾಗಿ ಹಾಗೆ ಮಾತನಾಡಿದವನು ಯಾವ ವಾಗ್ಮಿಯೂ ಅಲ್ಲ. ಅವನ ಖಜಾಂಚಿ, ಗೀಲಾನಿನ ನಿಜಾಮುದ್ದೀನ್ ಹಸನ್. ಮಂತ್ರಿಯ ಮನೆಯಲ್ಲಿ ಅಪಾರ ಸಂಪತ್ತು ದೊರೆಯುವುದೆಂದು ಸುಲ್ತಾನನು ಅವನನ್ನು ಕರೆಸಿ ಗದರಿಸಿದನು. ಪ್ರಾಣಕ್ಕೆ ಅಭಯವನ್ನು ಪಡೆದ ಖಜಾಂಚಿಯು ಲೆಕ್ಕವನ್ನು ಬಿಚ್ಚಿಟ್ಟನು. ಒಡೆಯನಿಗೆ ಎರಡು ಭಂಡಾರಗಳಿದ್ದುವು. ಒಂದರ ಹೆಸರು ದೊರೆಯ ಭಂಡಾರ. ಜಹಗೀರಿನಿಂದ ಬಂದ ಹಣ ಅದರಲ್ಲಿ ಬಿದ್ದು ಸೈನಿಕರಿಗೂ ಆನೆ ಕುದುರೆಗಳಿಗೂ ಖರ್ಚಾಗುತ್ತಿತ್ತು. ಇನ್ನೊಂದು ಬಡವರ ಭಂಡಾರ. ಅದರಲ್ಲಿ ಉಳಿದಿದ್ದುದು ಅಲ್ಪವೇ. ತನ್ನ ಊಟ ಬಟ್ಟೆಗಳಿಗೆ ಅವನು ಜಹಗೀರಿನ ಹಣವನ್ನು ಮುಟ್ಟುತ್ತಿರಲಿಲ್ಲ. ಹುಟ್ಟೂರಿನಿಂದ ತಂದ ಬಂಡವಾಳವನ್ನು ವ್ಯಾಪಾರದಲ್ಲಿ ತೊಡಗಿಸಿ ಬಂದ ಲಾಭದಿಂದಲೇ ಜೀವನ ನಡೆಯುತ್ತಿತ್ತು. ಇಷ್ಟನ್ನು ಹೇಳಿದ ಖಜಾಂಚಿಯು ಕಡೆಯಲ್ಲಿ, ಆ ಓಲೆಯನ್ನು ಒರಿಸ್ಸಕ್ಕೆ ಒಯ್ಯುತ್ತಿದ್ದ ದೂತನು ಯಾರು, ಅವನನ್ನೇಕೆ ಹಿಡಿದು ತರಿಸಲಿಲ್ಲ ಎಂದು ಕೇಳಿದನೆಂದು ಇತಿಹಾಸಕಾರ ಫರಿಷ್ತಾನು ಬರೆದಿದ್ದಾನೆ. ಆಂಟನಿಯ ಭಾಷಣದಲ್ಲಿದ್ದ ಅಲಂಕಾರವೊಂದೂ ಈ ಮಾತಿನಲ್ಲಿರಲಿಲ್ಲ. ಆದರೂ ಸುಲ್ತಾನನ ಮತ್ತು ಇಳಿಯಿತು. ಸಂಚುಗಾರರ ಬಳಿ ಉತ್ತರವಿರಲಿಲ್ಲ.

ಪಶ್ಚಾತ್ತಾಪದಿಂದ ಸುಲ್ತಾನನು ಶವವನ್ನು ಮರ್ಯಾದೆಯೊಡನೆ ಬೀದರಿಗೆ ಕಳುಹಿಸಿದನು. ಆದರೆ ಹೋದ ನಂಬಿಕೆ ಮರಳಿ ಬರಲಿಲ್ಲ. ಗವಾನನು ಮಗನಂತೆ ಬೆಳೆಸಿದ್ದ ಯೂಸುಫ್ ಆದಿಲನೂ ಇತರ ಸೇನಾಪತಿಗಳೂ ಸುಲ್ತಾನನ ಡೇರೆಯಿಂದ ದೂರವೇ ಬೀಡುಬಿಡತೊಡಗಿದರು. ಅಷ್ಟು ದೊಡ್ಡ ಮಂತ್ರಿಗೇ ಈ ಗತಿಯಾದರೆ ತಮ್ಮ ಪಾಡೇನು ಎಂಬ ಭಯ ಅವರಿಗೆ. ಮದ್ಯವನ್ನು ಇನ್ನಷ್ಟು ಹೆಚ್ಚಿಸಿಕೊಂಡ ಮಹಮ್ಮದನು 1482ರ ಮಾರ್ಚ್ 22ರಂದು, ಮಂತ್ರಿ ತೀರಿಕೊಂಡ ಒಂದು ವರ್ಷವೂ ತುಂಬುವ ಮೊದಲೇ, ಸತ್ತನು. ಕೊನೆಯ ಗಳಿಗೆಯಲ್ಲಿ ಗವಾನನು ತನ್ನ ಎದೆಯನ್ನು ಸೀಳುತ್ತಿದ್ದಾನೆಂದು ಅವನು ಕಿರುಚುತ್ತಿದ್ದನಂತೆ.

ಮಲಿಕ್ ಹಸನನು ತಾನು ಬಯಸಿದ ಪ್ರಧಾನಮಂತ್ರಿ ಪದವಿಯನ್ನು ಪಡೆದನು. ಅದು ಅವನ ಕೈಯಲ್ಲಿ ನಾಲ್ಕೈದು ವರ್ಷ ಮಾತ್ರ ಉಳಿಯಿತು. 1486ರಲ್ಲಿ ಬೀದರಿನಲ್ಲಿಯೇ ಅವನೂ ಕೊಲೆಯಾದನು. 1490ರ ವೇಳೆಗೆ ಅವನ ಮಗನು ಅಹಮದ್‌ನಗರದಲ್ಲಿ, ಯೂಸುಫ್ ಆದಿಲನು ಬಿಜಾಪುರದಲ್ಲಿ, ಇಮಾದ್-ಉಲ್-ಮುಲ್ಕನು ಬೀರಾರಿನಲ್ಲಿ ಸ್ವತಂತ್ರರಾದರು. ಆಮೇಲೆ ಗೋಲ್ಕೊಂಡವೂ ಬೇರೆಯಾಯಿತು. ಬೀದರು ಬರೀದರ ಪಾಲಾಯಿತು. ಹಳೆಯ ರಾಜಧಾನಿಯಾದ ಕಲಬುರಗಿಯು ಕೆಲಕಾಲ ಅವರಿವರ ಕೈ ಬದಲಾಯಿಸಿ ಬಿಜಾಪುರಕ್ಕೆ ಸೇರಿತು. ಗವಾನನು ಎಂಟು ಮಾಡಿ ಒಂದಾಗಿಡಲು ಹವಣಿಸಿದ ರಾಜ್ಯವು ಐದಾಗಿ ಒಡೆಯಿತು.

ಬೀದರಿನ ವಿದ್ಯಾಲಯವು ಎರಡು ಶತಮಾನಗಳ ಕಾಲ ನಿಂತಿತ್ತು. ಔರಂಗಜೇಬನ ಕಾಲದಲ್ಲಿ ಅದರೊಳಗೆ ಮದ್ದನ್ನು ತುಂಬಿಟ್ಟಿದ್ದರೆಂದೂ, ಹದಿನೇಳನೆಯ ಶತಮಾನದ ಕೊನೆಯಲ್ಲಿ ಅದು ಸಿಡಿದು ಕಟ್ಟಡದ ಒಂದು ಭಾಗವೂ ಒಂದು ಮಿನಾರೂ ಉರುಳಿದುವೆಂದೂ ಹೇಳುತ್ತಾರೆ. ಗ್ರಂಥಭಂಡಾರವು ಚದುರಿಹೋಯಿತು. ಊರಿನ ಹೊರಗೆ ಗವಾನನ ಸಮಾಧಿಯಿದೆ. ಸುಲ್ತಾನರ ಗೋರಿಗಳ ಗುಮ್ಮಟಗಳನ್ನು ನೋಡಿ ಬಂದವರಿಗೆ ಅದು ಬಹಳ ಸಾದಾ ಎನಿಸುತ್ತದೆ. ಅವನ ಪತ್ರಗಳು ಮಾತ್ರ ಕೈಯಿಂದ ಕೈಗೆ ನಕಲಾಗುತ್ತ ಬೇರೆ ಬೇರೆ ದೇಶಗಳ ಭಂಡಾರಗಳಲ್ಲಿ ಉಳಿದುಕೊಂಡವು. 1948ರಲ್ಲಿ ಅವುಗಳ ಸಂಗ್ರಹವು ಹೈದರಾಬಾದಿನಲ್ಲಿ ಅಚ್ಚಾಗಿ ಪ್ರಕಟವಾಯಿತು.